ಐದನೇ ಮಂಚ

ಇದನ್ನ ನೀವು ನಂಬಲ್ಲ. ಪರವಾಗಿಲ್ಲ, ನಾನು ಹೇಳಿದ್ದನ್ನ ನಂಬಿ ಕೆಟ್ಟೋರೇ ಜಾಸ್ತಿ, ನಂಬದೇ ಇದ್ದೋರು ಆರಾಮಾಗಿದಾರೆ. ನಾನು ಕೆಲಸದಿಂದ ರಿಟೈರ್ ಆದಾಗ ನಂಗೆ ಹದಿನಾರು ವರ್ಷ. ಶಾಲು ಹೊದಿಸ್ಲಿಲ್ಲ, ಗೋಡೆ ಗಡಿಯಾರ ಕೊಡ್ಲಿಲ್ಲ, ನನ್ನ ಬಗ್ಗೆ ಯಾರೂ ನಾಲ್ಕು ಒಳ್ಳೆ ಮಾತಾಡ್ಲಿಲ್ಲ. ಈಗ ಹದಿನೇಳು. ಪ್ಲಸ್ ಟೂ. ಫಿಸಿಕ್ಸ್ ಪುಸ್ತಕ ಅಡ್ಡ ಇಟ್ಕೊಂಡು ಇದನ್ನ ಬರೀತಿದೀನಿ.

ಬರೀ ಅಂದಿದ್ದು ದೊಡ್ಡಜ್ಜಿ. ದೊಡ್ಡಜ್ಜಿ ಅಂದ್ರೆ ನಮ್ಮಮ್ಮನ ದೊಡ್ಡಮ್ಮ, ನನ್ನ ಹಳೇ ಬಾಸ್. ಅವರ ಟ್ರಸ್ಟಿಗೆ ಈ ವರ್ಷದಿಂದ ನಮ್ಮ ಬೀದಿ ಕನ್ನಡ ಮನೆಗಳ ಒಂಬತ್ತನೇ ಕ್ಲಾಸ್ ಮಕ್ಕಳು ಕೆಲಸಕ್ಕೆ ಬರ್ತಾರಂತೆ. ಅವರಿಗೆ ನೀನು ಕಲ್ತಿದ್ದನ್ನ ಬರ್ದಿಡು, ಕನ್ನಡದಲ್ಲೇ ಬರಿ, ಎಷ್ಟು ಸುಳ್ಳು ಸೇರಿಸಿದೀಯ ಅಂತ ನಾನು ಓದಿ ನೋಡ್ಬೇಕು ಅಂದ್ರು. ಸೋ, ಮಕ್ಕಳೇ, ಓದಕ್ಕೆ ಬರದೇ ಇದ್ರೆ ನಿಮ್ಮ ಅಜ್ಜಿ ಹತ್ರ ಓದಿಸ್ಕೊಳ್ಳಿ. ಅರ್ಥ ಆಗದೇ ಇದ್ರೆ ತಮಿಳಲ್ಲಿ ಕೇಳಿ, ಅದರಲ್ಲೂ ನಾನು ಚೆನ್ನಾಗೇ ರೈಲು ಬಿಡ್ತೀನಿ.

ಟ್ರಸ್ಟ್ ಅಂದ್ಕೂಡ್ಲೇ ಬೋರ್ಡು, ಎ.ಸಿ., ನೀರಿನ ಬಾಟ್ಲು ಅಂದ್ಕೋಬೇಡಿ. ಚೆನ್ನೈನ ಮೈಲಾಪೂರಲ್ಲಿ ನಮ್ಮ ಹಳೇ ಫ್ಲ್ಯಾಟಿನ ಕೆಳಗಡೆ ಒಂದು ಕಾರ್ ಶೆಡ್. ಕಾರು ಇಲ್ಲ, ಯಾವತ್ತೂ ಇರ್ಲಿಲ್ಲ. ಒಳಗೆ ವಾಕರ್, ವೀಲ್‌ಚೇರ್, ಕಮೋಡ್ ಚೇರ್, ವಾಟರ್ ಬೆಡ್. ಎಲ್ಲಾ ವಾಕರ್ ಒಟ್ಟಿಗೆ ಸೇರಿಸಿ ನಿಲ್ಸಿದ್ರೆ ನೂರು ಕಾಲಿನ ಹುಳದ ಹಾಗೆ ಕಾಣತ್ತೆ. ಸೊಳ್ಳೆಗಳು ಎಷ್ಟು ದಪ್ಪ ಅಂದ್ರೆ ಅವಕ್ಕೇ ವಾಕರ್ ಬೇಕು. ಯಾರ ಮನೇಲಾದ್ರೂ ಕಾಯಿಲೆಯವರಿದ್ರೆ ಬರ್ತಾರೆ, ಬೇಕಾದ್ದು ತಗೊಂಡು ಹೋಗ್ತಾರೆ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ಕಾಯಿಲೆಯವರು ಎದ್ದು ಓಡಾಡಿದ್ರೆ ವಾಪಸ್ ತಂದ್ಕೊಡ್ತಾರೆ. ಹೋಗ್ಬಿಟ್ರೂ ತಂದ್ಕೊಡ್ತಾರೆ, ವೈಕುಂಠ ಸಮಾರಾಧನೆ ಆದ್ಮೇಲೆ. ದೊಡ್ಡಜ್ಜಿ ಯಾರನ್ನೂ ಯಾವಾಗ ತರ್ತೀರ ಅಂತ ಕೇಳಿದ್ದೇ ಇಲ್ಲ. ಹಾಗೆ ಕೇಳಿದ್ರೆ ನಿಮ್ಮಪ್ಪ ಯಾವಾಗ ಹೋಗ್ತಾರೆ ಅಂತ ಕೇಳಿದ ಹಾಗೆ ಅಲ್ವಾ ಅಂತಾರೆ.

ನಾನು ಕೆಲಸಕ್ಕೆ ಸೇರಿದ್ದು ಒಂಬತ್ತನೇ ಕ್ಲಾಸ್ ಬೇಸಿಗೆ ರಜದಲ್ಲಿ. ಅಲ್ಲೀವರೆಗೂ ದೊಡ್ಡಜ್ಜಿ ಬಿಳಿ ಹಾಳೇಲಿ ಕೈಯಲ್ಲೇ ಅರ್ಜಿ ಬರ್ದು, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಪೋಸ್ಟ್ ಮಾಡ್ತಿದ್ರು. ಆಮೇಲೆ ಎಲ್ಲಾ ಫೌಂಡೇಶನ್‌ನೋರೂ ಪೋರ್ಟಲ್ ಅಂದ್ಬಿಟ್ರು. ಮನೇಲಿ ಕಂಪ್ಯೂಟರ್ ಗೊತ್ತಿದ್ದೋನು ನಾನೊಬ್ಬನೇ. ಅಮ್ಮನಿಗೆ ನಂಗಿಂತ ಚೆನ್ನಾಗಿ ಗೊತ್ತು, ಶೋಳಿಂಗನಲ್ಲೂರಲ್ಲಿ ದೊಡ್ಡ ಆಫೀಸಲ್ಲಿ ಅದೇ ಕೆಲಸ. ಆದ್ರೆ ಅವಳು ಬೆಳಿಗ್ಗೆ ಕ್ಯಾಬ್ ಹತ್ತಿದ್ರೆ ರಾತ್ರಿ ಇಳಿಯೋದು. ಅಪ್ಪ ಮಸ್ಕತ್‌ನಲ್ಲಿ. ಹಾಗಾಗಿ ಕೆಲಸ ನಂಗೇ ಬಂತು. ಮೊದಲನೇ ದಿನ ದೊಡ್ಡಜ್ಜಿ ನನ್ನ ಲ್ಯಾಪ್‌ಟಾಪಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ರು. ಇವತ್ತಿಗೂ ಹೋಗಿಲ್ಲ. ಸ್ಕೂಲಲ್ಲಿ ಅದನ್ನ ಮಂಗಳಗೌರಿ ಅಂತಾರೆ.

ಮೊದಲನೇ ಅರ್ಜಿ ಕೇಳಿ. ಒಂದು ಪ್ರಶ್ನೆ ಇತ್ತು, ಐದು ವರ್ಷದಲ್ಲಿ ನಿಮ್ಮ ಸಂಸ್ಥೆಯ ಅಧ್ಯಕ್ಷರು ಎಲ್ಲಿರಬೇಕು ಅಂದ್ಕೊಂಡಿದೀರಿ ಅಂತ. ಪಕ್ಕದಲ್ಲೇ ಕೂತು ಹುರುಳಿಕಾಯಿ ಹೆಚ್ತಿದ್ದ ದೊಡ್ಡಜ್ಜಿಗೆ ಓದಿ ಹೇಳ್ದೆ. ತಲೆ ಎತ್ತದೆ, "ವೈಕುಂಠದಲ್ಲಿ" ಅಂದ್ರು. ನಾನು ಅದನ್ನೇ ಟೈಪ್ ಮಾಡ್ದೆ. ಅವರಿಗೆ ಎಪ್ಪತ್ತೆಂಟು, ಲೆಕ್ಕ ಸರಿಯಾಗೇ ಇತ್ತು. ಆ ಫೌಂಡೇಶನ್‌ನೋರು ಬರೆದ ಉತ್ತರದಲ್ಲಿ, ತಮ್ಮ ದೂರದೃಷ್ಟಿ ನಮ್ಮ ಕಾರ್ಯಕ್ಷೇತ್ರದ ಆಚೆಗಿದೆ ಅಂತಿತ್ತು. ಇದು ನಾನು ಸೇರಿಸಿದ್ದಲ್ಲ. ಸರಿ, ಸ್ವಲ್ಪ ಸೇರಿಸಿದೀನಿ.

ಎರಡನೇದು ಇನ್ನೂ ಮಜಾ. ಕೊನೇ ದಿನ ಮಂಗಳವಾರ, ಸಾಯಂಕಾಲ ನಾಲ್ಕಕ್ಕೆ ಪೋರ್ಟಲ್ ಮುಚ್ತಿತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ, ನಮ್ಮೂರಲ್ಲಿ ಆಟೋದವರೂ ಹೇಳ್ತಾರೆ. ಮೂರಕ್ಕೆ ಮುಂಚೆ ಒತ್ತಿಬಿಡೋಣ ಅಂತ ಹೊರಟ್ವಿ. ಆದ್ರೆ ಸೀಲ್ ಹಾಕಿದ ಕಾಗದ ಸ್ಕ್ಯಾನ್ ಮಾಡಿ ಏರಿಸ್ಬೇಕಿತ್ತು, ಸೀಲ್ ಎಲ್ಲಿದೆ ಅಂತ ಹುಡುಕಿದ್ವಿ, ಅದು ದೇವರ ಮನೇಲಿ ಸಾಲಿಗ್ರಾಮದ ಡಬ್ಬಿ ಪಕ್ಕದಲ್ಲಿ ಸಿಗೋ ಹೊತ್ತಿಗೆ ಮೂರು ಹೊಡೀತು. ಕಣ್ಮುಂದೆ ನೀಲಿ ಬಟನ್ ಹೊಳೀತಿದೆ, ಇನ್ನೂ ಒಂದು ಗಂಟೆ ಟೈಮಿದೆ. ದೊಡ್ಡಜ್ಜಿ ನನ್ನ ಕೈ ಹಿಡ್ಕೊಂಡು ಕೂತ್ಬಿಟ್ರು. ನಾಲ್ಕಾಯ್ತು, ಬಟನ್ ಬೂದಿ ಬಣ್ಣ ಆಯ್ತು. ನಾಲ್ಕೂವರೆಗೆ ದೊಡ್ಡಜ್ಜಿ, ಹಾಂ, ಈಗ ಒತ್ತು ಅಂದ್ರು. ಒತ್ತಿದೆ. ಇವತ್ತಿಗೂ ಆ ಅರ್ಜಿ ಒಳ್ಳೇ ಮುಹೂರ್ತದಲ್ಲಿ ಎಲ್ಲೂ ಹೋಗದೆ ಅಲ್ಲೇ ಇದೆ.

ಮೂರನೇದು ಗೆದ್ದೆ. ಹೇಗೆ ಗೆದ್ದೆ ಅನ್ನೋದು ಮುಖ್ಯ, ಗಮನ ಇಟ್ಟು ಓದಿ.

ನಮ್ಮಲ್ಲಿ ಪಕ್ಕದ ಮನೆಯಿಂದ ಪಾತ್ರೆ ತಂದ್ರೆ ಖಾಲಿ ವಾಪಸ್ ಕೊಡಲ್ಲ ಅಲ್ವಾ. ಒಂದು ಚೂರು ಸಕ್ಕರೆನಾದ್ರೂ ಹಾಕಿ ಕೊಡ್ತೀವಿ. ಆ ಅಭ್ಯಾಸ ನಮ್ಮ ಶೆಡ್ಡಿಗೂ ಬಂದಿತ್ತು. ವಾಕರ್ ವಾಪಸ್ ಬಂದ್ರೆ ಕೈಹಿಡಿಗೆ ಒಂದು ಮೊಳ ಮಲ್ಲಿಗೆ ಸುತ್ತಿರೋರು. ವೀಲ್‌ಚೇರಿನ ಸೀಟಲ್ಲಿ ಮೈಸೂರ್‌ಪಾಕಿನ ಡಬ್ಬ ಕೂತು ಬರ್ತಿತ್ತು, ರಾಜನ ಹಾಗೆ. ಒಂದ್ಸಲ ಯಾರೋ ಕಮೋಡ್ ಚೇರ್ ವಾಪಸ್ ಕೊಟ್ರು. ಅದರ ಪಾತ್ರೆ ತೊಳ್ದು, ಒರೆಸಿ, ಖಾಲಿ ಕೊಡಬಾರದು ಅಂತ ಒಳಗೆ ಒಂದು ತೆಂಗಿನಕಾಯಿ ಇಟ್ಟಿದ್ರು. ದೊಡ್ಡಜ್ಜಿ ಆ ಕಾಯಿ ತುರಿದು ಚಟ್ನಿ ಮಾಡಿದ್ರು. ನಾನು ಏಳು ದೋಸೆ ತಿಂದ್ಮೇಲೆ ಹೇಳಿದ್ರು. ಸರಿ, ಮೂರು ದೋಸೆ.

ಇದನ್ನೇ ಅರ್ಜೀಲಿ ಬರ್ದೆ. ದೊಡ್ಡ ಪದ ಯಾವುದೂ ಹಾಕ್ಲಿಲ್ಲ. ಫೋನ್ ಬಂತು. ಒಂದು ಹೆಂಗಸಿನ ದನಿ, ತಮಿಳಲ್ಲಿ, ತೆಂಗಿನಕಾಯಿ ವಿಷಯ ನಿಜಾನಾ ತಂಬಿ ಅಂತು. ಚಟ್ನಿನೂ ನಿಜ ಅಂದೆ. ಐದು ಮಂಚ ಸಿಕ್ತು. ಆಸ್ಪತ್ರೇಲಿ ಇರತ್ತಲ್ಲ, ಕಾಲ ಹತ್ರ ಹ್ಯಾಂಡಲ್ ತಿರುಗಿಸಿದ್ರೆ ತಲೆ ಕಡೆ ಮೇಲೇಳೋದು, ಆ ತರದ್ದು. ವರ್ಷ ಆದ್ಮೇಲೆ ಬಂದು ನೋಡ್ತೀವಿ, ಐದೂ ಇದ್ದು ಉಪಯೋಗ ಆಗ್ತಿದ್ರೆ ಎರಡನೇ ಕಂತಲ್ಲಿ ಇನ್ನೂ ಐದು ಕೊಡ್ತೀವಿ ಅಂದ್ರು. ಪ್ರತಿ ಮಂಚಕ್ಕೂ ಅವರ ಹೆಸರಿನ ಸ್ಟಿಕರ್ ಅಂಟಿಸ್ಬೇಕು ಅಂತ ಷರತ್ತು. ಮಲಗಿರೋರ ಕಣ್ಣೆದುರಿಗೆ ದಾನಿಗಳ ಹೆಸರು ಇರಬಾರದು ಅಂತ ದೊಡ್ಡಜ್ಜಿ ಹಲಗೆ ಕೆಳಗಡೆ ಅಂಟಿಸಿದ್ರು. ಎಲ್ಲಾ ಶುರುವಾಗಿದ್ದು ಅಲ್ಲಿಂದ.

ಆ ವರ್ಷ ನಮ್ಮ ತಾತ, ಅಂದ್ರೆ ಅಮ್ಮನ ಅಪ್ಪ, ಬಾತ್‌ರೂಮಲ್ಲಿ ಬಿದ್ರು. ನಮ್ಮ ಜೊತೆಗೇ ಇದ್ದೋರು. ಅಮ್ಮ ಒಬ್ಬಳೇ ಮಗಳು. ಅವಾಗ ತಾತ ವಾಕರ್ ಉಪಯೋಗಿಸ್ತಿದ್ರು, ಅದು ಶೆಡ್ಡಿನದು. ಈಗ ಮಂಚ ಬೇಕಾಯ್ತು. ಎಷ್ಟಾದ್ರೂ ಆಗ್ಲಿ ಹೊಸದೇ ತರಿಸಿ ದೊಡ್ಡಮ್ಮ, ಅಪ್ಪನಿಗೆ ನಾನು ಅಂತ ಒಂದು ಮಾಡ್ಬೇಕು ಅಂದ್ಲು ಅಮ್ಮ. ದೊಡ್ಡಜ್ಜಿ ಸೌಕಾರ್‌ಪೇಟೆ ಕಡೆ ಅಂಗಡೀಲಿ ಹೇಳಿದ್ರು. ಮಂಚ ಬರಕ್ಕೆ ವಾರ ಆಗತ್ತೆ ಅಂದ್ರು ಅವರು. ತಾತ ಆಸ್ಪತ್ರೆಯಿಂದ ಮಾರನೇ ದಿನವೇ ಬರೋರು. ಹೊಸದು ಬರೋ ತನಕ ಇರಲಿ ಅಂತ ಶೆಡ್ಡಿಂದ ಐದನೇ ಮಂಚ ಮೇಲೆ ಕಳಿಸಿದ್ರು. ಅಮ್ಮ ಆಫೀಸಿಂದ ಬಂದಾಗ ತಾತ ಅದರ ಮೇಲೆ ಮಲಗಿದ್ರು. ಅವಳು ಮಂಚದ ಕಂಬಿ ಒಂದ್ಸಲ ಸವರಿ, ಬಂತಾ ಅಂದ್ಲು. ಬಂತು ಅಂದೆ. ಅಷ್ಟೇ ಮಾತು ಆಗಿದ್ದು.

ಹೊಸ ಮಂಚ ಬರೋ ಮುಂಚೆನೇ ತಾತ ಹೋದ್ರು. ಮಧ್ಯಾಹ್ನ. ಅಮ್ಮ ಕ್ಯಾಬಲ್ಲಿದ್ಲು, ರಸ್ತೇಲಿ ಟ್ರಾಫಿಕ್ ನಿಂತಿತ್ತು. ನಂಗೆ ಫೋನ್ ಮಾಡ್ತಾನೇ ಇದ್ಲು, ಇನ್ನೇನು ಬಂದೆ, ತಲೆ ಸ್ವಲ್ಪ ಎತ್ತಿ ಇಡು, ಉಸಿರಾಡಕ್ಕೆ ಸುಲಭ ಆಗತ್ತೆ ಅಂತ. ನಾನು ಹ್ಯಾಂಡಲ್ ತಿರುಗಿಸ್ತಾನೇ ಇದ್ದೆ. ಈ ಜಾಗದಲ್ಲಿ ಏನಾದ್ರೂ ತಮಾಷೆ ಹಾಕೋಣ ಅಂತ ನೋಡ್ದೆ. ಸಿಗ್ಲಿಲ್ಲ.

ದೊಡ್ಡಜ್ಜಿ ಅಂಗಡಿಗೆ ಫೋನ್ ಮಾಡಿ ಹೊಸ ಮಂಚ ಬೇಡ ಅಂದ್ರು. ಅದನ್ನ ಅಮ್ಮನಿಗೆ ಹೇಳೋ ಹೊತ್ತಲ್ಲ ಅದು.

ತಾತನಿಗೆ ಗಂಡು ಮಕ್ಕಳಿಲ್ಲದ್ರಿಂದ ಮಗಳ ಮಗ ನಾನೇ ಕರ್ಮಕ್ಕೆ ಕೂತೆ. ಹನ್ನೆರಡನೇ ದಿನ ದಾನಗಳು. ಕೊಡೆ, ಚಪ್ಪಲಿ, ಕೋಲು, ತಂಬಿಗೆ, ಆಮೇಲೆ ಶಯ್ಯಾ ದಾನ. ಹೋದೋರಿಗೆ ಅಲ್ಲಿ ಮಲಗಕ್ಕೆ ಹಾಸಿಗೆ ಬೇಕಲ್ಲ, ಅದಕ್ಕೆ ಇಲ್ಲಿ ಮಂಚ ಕೊಡೋದು. ಈಗೆಲ್ಲಾ ಯಾರೂ ನಿಜವಾದ ಮಂಚ ಕೊಡಲ್ಲ, ಬೊಂಬೆ ಮಂಚ ಇಟ್ಟು ಮುಗಿಸ್ತಾರೆ. ಕರ್ಮ ಮಾಡಿಸ್ತಿದ್ದ ನಮ್ಮ ಆಚಾರ್ರೂ ಅದನ್ನೇ ತಂದಿದ್ರು, ನನ್ನ ಜಾಮಿಟ್ರಿ ಬಾಕ್ಸಿನಷ್ಟಿತ್ತು. ಅಮ್ಮ ಅದನ್ನ ನೋಡಿದ್ಲು. ಎದ್ದು ಒಳಗೆ ಹೋಗಿ, ತಾತನ ಮಂಚದ ಮೇಲೆ ಹೊಸಾ ಜಮಖಾನ ಹಾಸಿ, "ಅಪ್ಪ ಆರಡಿ ಇದ್ರು. ಇದನ್ನ ಕೊಡಿ" ಅಂದ್ಲು.

ಬಂದಿದ್ದ ನೆಂಟರೆಲ್ಲಾ, ಮಗಳು ಅಂದ್ರೆ ಹೀಗಿರ್ಬೇಕು ಅಂತ ಕಣ್ಣೊರೆಸ್ಕೊಂಡ್ರು. ನಾನು ದೊಡ್ಡಜ್ಜಿನ ನೋಡ್ದೆ. ದೊಡ್ಡಜ್ಜಿ ನನ್ನ ನೋಡಿದ್ರು. ಸುಮ್ನಿರು ಅಂತ ಕಣ್ಣಲ್ಲೇ ಹೇಳಿದ್ರು. ಆಚಾರ್ರು ನನ್ನ ಕೈಗೆ ನೀರು ಬಿಟ್ಟು, ನ ಮಮ ಅನ್ನಪ್ಪಾ, ಇದು ನನ್ನದಲ್ಲ ಅಂತ ಅರ್ಥ ಅಂದ್ರು. ನ ಮಮ ಅಂದೆ. ಆ ಹನ್ನೆರಡು ದಿನದಲ್ಲಿ ನಾನು ಹೇಳಿದ ಮಂತ್ರದಲ್ಲೆಲ್ಲಾ ಅದೊಂದೇ ಪೂರಾ ಸತ್ಯ.

ಆ ಮಂಚನ ನಾಲ್ಕು ಜನ ಆಚಾರ್ರ ಮನೆಗೆ ಹೊತ್ರು. ಅವತ್ತು ಅಮ್ಮ ನಿದ್ದೆ ಮಾಡಿದ್ಲು. ತಾತ ಬಿದ್ದಾಗಿನಿಂದ ಮಾಡಿರ್ಲಿಲ್ಲ. ಫೋನಲ್ಲಿ ಎಲ್ಲರ ಹತ್ರನೂ ಒಂದೇ ಮಾತು. ಹೋಗೋ ಹೊತ್ತಿಗೆ ಪಕ್ಕದಲ್ಲಿರಕ್ಕಾಗ್ಲಿಲ್ಲ, ಮಂಚ ಆದ್ರೂ ಕೊಟ್ಟೆ, ಈಗ ಸುಖವಾಗಿ ಮಲಗಿರ್ತಾರೆ.

ಮಕ್ಕಳೇ, ಈಗ ನಿಮಗೆ ನನ್ನ ಆಫೀಸ್ ಕಷ್ಟ ಅರ್ಥ ಆಗ್ತಿರ್ಬೇಕು. ಫೌಂಡೇಶನ್‌ನೋರು ಮುಂದಿನ ವಾರ ಮಂಚ ನೋಡಕ್ಕೆ ಬರ್ತೀವಿ ಅಂತ ಮೇಲ್ ಹಾಕಿದ್ರು. ನಾನೂ ದೊಡ್ಡಜ್ಜಿನೂ ಆಚಾರ್ರ ಮನೆಗೆ ಓಡಿದ್ವಿ. ಅಲ್ಲಿ ಕೂರಕ್ಕೆ ಜಾಗ ಇಲ್ಲ. ಮೂಲೇಲಿ ದಾನಕ್ಕೆ ಬಂದ ಕೊಡೆಗಳು, ಚೆನ್ನೈಗೆಲ್ಲಾ ಮಳೆ ಬಂದ್ರೂ ಒಬ್ರೂ ನೆನೆಯಲ್ಲ, ಅಷ್ಟು. ಅಟ್ಟದ ತುಂಬಾ ಚಪ್ಪಲಿ. ನಡುವೆ ನಮ್ಮ ಮಂಚ, ಅದರ ಮೇಲೆ ಆಚಾರ್ರು ಹ್ಯಾಂಡಲ್ ತಿರುಗಿಸಿ ಒರಗಿಕೊಂಡು ಪಂಚಾಂಗ ಓದ್ತಾ ಇದ್ರು.

ದೊಡ್ಡಜ್ಜಿ ವಿಷಯ ಹೇಳಿದ್ರು. ಆಚಾರ್ರು ಮಂಚದಿಂದ ಇಳಿದ ಸ್ಪೀಡ್ ನೋಡ್ಬೇಕಿತ್ತು, ಚೇಳು ಕಚ್ಚಿದ ಹಾಗೆ. ಆಮೇಲೆ ನೆಲದ ಮೇಲೆ ಕೂತು, ನಿಧಾನವಾಗಿ ಹೇಳಿದ್ರು. "ಬೇರೆಯೋರ ವಸ್ತು ದಾನ ಕೊಟ್ರೆ ಅದು ದಾನವೇ ಅಲ್ಲಮ್ಮ. ಹೋದೋರಿಗೆ ಮುಟ್ಟಲ್ಲ."

"ಹಾಗಾದ್ರೆ?" ಅಂದ್ರು ದೊಡ್ಡಜ್ಜಿ.

ಬೇರೆ ಮಂಚ ತಂದು ದಾನ ಮತ್ತೆ ಮಾಡಿಸ್ಬೇಕು, ಮುಂದಿನ ವಾರ ಮೊದಲನೇ ತಿಂಗಳ ಮಾಸಿಕ ಇದೆಯಲ್ಲ, ಅವತ್ತು ಮಾಡೋಣ ಅಂದ್ರು ಆಚಾರ್ರು. ಮಾಸಿಕ ಇದ್ದಿದ್ದು ಫೌಂಡೇಶನ್‌ನೋರು ಬರೋ ಮಾರನೇ ದಿನ. ಈಗಲೇ ಇದನ್ನ ಶೆಡ್ಡಿಗೆ ತಗೊಂಡು ಹೋಗೋಣ, ದಾನ ಆಮೇಲೆ ಮಾಡೋಣ ಅಂತ ನಾನಂದೆ. ದೊಡ್ಡಜ್ಜಿ ಒಪ್ಲಿಲ್ಲ. ಮುಟ್ಟಿದೆಯೋ ಇಲ್ವೋ ನೋಡಿದೋರು ಯಾರು, ಇನ್ನೊಂದು ಬರೋ ಮುಂಚೆ ನಿಮ್ಮ ತಾತನ ಕೆಳಗಿಂದ ಇದನ್ನ ಎಳೀಲಾ ಅಂದ್ರು. ದಾರೀಲಿ ನನ್ನ ಭುಜ ಹಿಡಿದು ನಿಲ್ಸಿದ್ರು.

"ಮಾಲತಿಗೆ ಗೊತ್ತಾಗಬಾರದು ರಘು. ಅವಳ ಹತ್ರ ಉಳಿದಿರೋದು ಅದೊಂದೇ."

ಮಾಲತಿ ನಮ್ಮಮ್ಮ. ಹೊಸ ಮಂಚ ಗುಟ್ಟಾಗಿ ಆಚಾರ್ರ ಮನೆಗೆ ತರಿಸೋದು, ಮಾಸಿಕದ ದಿನ ಅಲ್ಲೇ ಸದ್ದಿಲ್ಲದೆ ದಾನ ಮುಗಿಸೋದು, ಸಾಯಂಕಾಲ ಹಳೇದು ಶೆಡ್ಡಿಗೆ ತರೋದು ಅಂತ ಪ್ಲ್ಯಾನ್ ಆಯ್ತು. ಫೌಂಡೇಶನ್‌ನೋರು ಬಂದಾಗ ನಾನು ಹೇಳ್ಬೇಕಿದ್ದ ಮಾತನ್ನ ದೊಡ್ಡಜ್ಜಿ ಬಾಯಿಪಾಠ ಮಾಡಿಸಿದ್ರು. ಐದನೇ ಮಂಚ ಒಬ್ಬರ ಮನೇಲಿದೆ, ಎರಡು ದಿನ ಬಿಟ್ಟು ಫೋಟೋ ಕಳಿಸ್ತೀವಿ. ಅಷ್ಟೇ. ಅದು ಸುಳ್ಳೂ ಅಲ್ಲ. ಅಷ್ಟು ಹೇಳಿ ಬಾಯಿ ಮುಚ್ಕೋ ಅಂದ್ರು.

ಈ ಕೆಲಸಕ್ಕೆ ಬರೋರಿಗೆ ನನ್ನ ಹತ್ರ ಇರೋ ಬುದ್ಧಿ ಮಾತು ಅದೊಂದೇ. ಬರೆಯೋದು ಕಷ್ಟ ಇಲ್ಲ. ಎಲ್ಲಿ ನಿಲ್ಸಬೇಕು ಅನ್ನೋದು ಕಲೀರಿ. ಎರಡನೇ ಕಂತು ನಮಗೆ ಬರ್ಲೇ ಇಲ್ಲ, ಅದನ್ನ ಈಗಲೇ ಹೇಳ್ಬಿಡ್ತೀನಿ. ದೊಡ್ಡಜ್ಜಿ ಅದಕ್ಕೆ ಒಂದು ದಿನವೂ ಬೈದಿಲ್ಲ. ನಂಗೆ ಬೇಜಾರು ಅದಕ್ಕಲ್ಲ. ಅಮ್ಮ ಈಗ ಕ್ಯಾಬಿಂದ ಇಳಿದು ಮನೆಗೆ ಬರುವಾಗ ಶೆಡ್ಡಿನ ಕಡೆ ಬರಲ್ಲ, ಆಚೆ ಗೇಟಿಂದ ಸುತ್ಕೊಂಡು ಬರ್ತಾಳೆ.

ಅವತ್ತು ಬಂದಿದ್ದು ಫೋನಲ್ಲಿ ತೆಂಗಿನಕಾಯಿ ಕೇಳಿದ್ದ ಮೇಡಮ್ಮೇ. ವಯಸ್ಸು ಜಾಸ್ತಿ ಇಲ್ಲ, ಕಾಟನ್ ಸೀರೆ, ಕೈಲೊಂದು ಟ್ಯಾಬ್. ಶೆಡ್ಡಲ್ಲಿದ್ದ ಎರಡು ಮಂಚದ ಕೆಳಗೆ ಬಗ್ಗಿ ಸ್ಟಿಕರ್ ನೋಡಿದ್ರು. ಬೀದೀಲಿ ಎರಡು ಮನೆಗೆ ಹೋಗಿ ಇನ್ನೆರಡು ನೋಡ್ಕೊಂಡು ಬಂದ್ರು. ದೊಡ್ಡಜ್ಜಿ ಮೋರು, ಅಂದ್ರೆ ಮಜ್ಜಿಗೆ, ಕೊಟ್ರು, ಕುಡಿದ್ರು. ಐದನೇದು ಎಲ್ಲಿ ಅಂದ್ರು ಮೇಡಂ.

ನಾನು ಬಾಯಿಪಾಠ ಹೇಳ್ದೆ, ತಮಿಳಲ್ಲಿ. ಮೇಡಂ ತಲೆ ಆಡಿಸಿ, ಟ್ಯಾಬಲ್ಲಿ ಏನೋ ಒತ್ತಿದ್ರು. ಮುಗೀತು, ನಿಜವಾಗ್ಲೂ ಮುಗೀತು. ಆಮೇಲೆ ಅವರು ಸುಮ್ನೆ, ಮಾತಿಗೆ ಕೇಳಿದ್ರು. ಯಾರು ತಂಬಿ, ಹೇಗಿದಾರೆ ಅಂತ.

ಕೇಳಿಸ್ಕೊಳ್ಳೋರು ಸಿಕ್ಬಿಟ್ರೆ ನಾನು ನಾನಾಗಿರಲ್ಲ. ಒಬ್ರು ವಯಸ್ಸಾದೋರು ಮೇಡಂ, ಆರಡಿ ಎತ್ತರ, ಪೋಸ್ಟಾಫೀಸಲ್ಲಿದ್ದೋರು ಅಂದೆ. ಕಿಟಕಿಗೆ ಬರೋ ಕಾಗೆ ಕಾಣ್ಲಿ ಅಂತ ತಲೆ ಕಡೆ ಎತ್ತಿಸ್ಕೋತಾರೆ, ಕಾಗೆಗೆ ಅವರ ಗುರುತು ಸಿಗತ್ತೆ ಅಂದೆ. ಹ್ಯಾಂಡಲ್ ಕಿರ್ ಅಂದ್ರೆ, ನನ್ನ ಹಳೇ ಸೈಕಲ್ ಬಂತು ಅಂತ ನಗ್ತಾರೆ ಅಂದೆ. ಒಬ್ಬಳೇ ಮಗಳು, ದೂರದಲ್ಲಿ ಆಫೀಸು, ರಾತ್ರಿ ಬಂದು ಚಪ್ಪಲಿ ಬಿಚ್ಚೋ ಮುಂಚೆ ಆ ಹ್ಯಾಂಡಲ್ಲಿಗೆ ಕೊಬ್ಬರಿ ಎಣ್ಣೆ ಹಾಕ್ತಾಳೆ ಅಂದೆ. ಒಂದು ಚೂರೂ ಜಾಸ್ತಿ ಸೇರಿಸ್ಲಿಲ್ಲ, ಅದೇ ಮೊದಲ ಸಲ. ದೊಡ್ಡಜ್ಜಿ ನನ್ನ ಕಾಲು ತುಳಿದ್ರು. ಮೇಡಂ ಕಣ್ಣಲ್ಲಿ ನೀರು ಬಂದಿತ್ತು, ನಾನು ನಿಲ್ಸಕ್ಕಾಗ್ಲಿಲ್ಲ.

"ಅದೇ ನಮ್ಮ ಟ್ರಸ್ಟಿನ ಐದನೇ ಮಂಚ ಮೇಡಂ. ಕೆಳಗಡೆ ನಿಮ್ಮ ಸ್ಟಿಕರ್ ಇದೆ. ಈಗಲೂ ಅವರು ಅದರ ಮೇಲೇ ಮಲಗಿದಾರೆ."

ಬಾಗಿಲ ಹತ್ರ ಟಕ್ ಅಂತ ಸದ್ದಾಯ್ತು. ವಾಕರ್ ನೆಲಕ್ಕೆ ಊರಿದ ಸದ್ದು.

ಅಮ್ಮ. ನಾಳೆ ಮಾಸಿಕ ಅಂತ ಆಫೀಸಿಂದ ಬೇಗ ಬಂದಿದ್ಲು. ತಾತನ ವಾಕರ್ ಶೆಡ್ಡಿನದು ಅಂತ ಅವಳಿಗೆ ನೆನಪಿತ್ತು. ತೊಳ್ದು, ಒರೆಸಿ, ಕೈಹಿಡಿಗೆ ಮಲ್ಲಿಗೆ ಸುತ್ತಿ, ಖಾಲಿ ಕೊಡಬಾರದು ಅಂತ ಒಂದು ತೆಂಗಿನಕಾಯಿ ಹಿಡ್ಕೊಂಡು ನಿಂತಿದ್ಲು. ಯಾವಾಗಿಂದ ನಿಂತಿದ್ಲೋ ಗೊತ್ತಿಲ್ಲ. ತಮಿಳು ಅವಳಿಗೆ ನಂಗಿಂತ ಚೆನ್ನಾಗಿ ಬರತ್ತೆ.

ಇವರು ಯಾರು ಅಂತ ಮೇಡಂ ನನ್ನ ಮುಖ ನೋಡಿದ್ರು. ಅಮ್ಮ ನನ್ನ ನೋಡ್ಲಿಲ್ಲ. ಪಕ್ಕದಲ್ಲಿದ್ದ ಮಂಚದ ಹತ್ರ ಬಂದ್ಲು, ಬಗ್ಗಿ ಹಲಗೆ ಕೆಳಗಡೆ ನೋಡಿದ್ಲು, ಹ್ಯಾಂಡಲ್ ಒಂದು ಸುತ್ತು ತಿರುಗಿಸಿದ್ಲು. ಕಿರ್ ಅಂತು. ಆಮೇಲೆ ನೆಟ್ಟಗೆ ನಿಂತ್ಲು.

"ದೊಡ್ಡಮ್ಮ," ಅಂದ್ಲು, "ಆ ಮಂಚ ನಮ್ದಲ್ವಾ?"

ದೊಡ್ಡಜ್ಜಿ ಮೋರಿನ ಲೋಟ ಕೆಳಗಿಟ್ರು.

"ಹಾಗಾದ್ರೆ ಅಪ್ಪ ಇಷ್ಟು ದಿನ ಎಲ್ಲಿ ಮಲಗಿದಾರೆ?"

ಎಷ್ಟು ಅರ್ಜಿ ತುಂಬಿದೀನಿ, ಎಂತೆಂಥಾ ಪ್ರಶ್ನೆಗೆ ಉತ್ತರ ಹುಟ್ಟಿಸಿದೀನಿ. ಇದಕ್ಕೂ ಒಂದು ಹುಟ್ಟಿಸೋಣ ಅಂತ ಬಾಯಿ ತೆಗೆದೆ. ಅಮ್ಮ ಬಂದು ನನ್ನ ಮುಂದಿದ್ದ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ತೆಂಗಿನಕಾಯಿ ಇಟ್ಲು.